ಹೆಜ್ಜೆ ಮೊದಲು, ಹೆಸರು ಆಮೇಲೆ

ನಮ್ಮ ಕಾಲೇಜಿನ ವೇಳಾಪಟ್ಟಿಯಲ್ಲಿ ಎರಡು ಪಾಠಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೊದಲನೆಯದು, ಕೆಲಸ ಕೇಳಲು ಹೋದಾಗ ನಮ್ಮನ್ನು ನಾವು ಪರಿಚಯಿಸಿಕೊಳ್ಳುವುದು ಹೇಗೆ ಎಂಬುದು. ಎರಡನೆಯದು, ಗೇಮ್ ಅನಿಮೇಶನ್‌ನ ಮೂಲತತ್ವಗಳು. ಮೊದಲನೆಯದನ್ನು ನನ್ನ ಜೊತೆಯ ಅನೇಕರು ಇಂಗ್ಲಿಷ್ ಪಾಠ ಎಂದು ತಿಳಿದು ಹೆದರುತ್ತಾರೆ. ಎರಡನೆಯದನ್ನು ಸಾಫ್ಟ್‌ವೇರ್ ಪಾಠ ಎಂದು ತಿಳಿದು ಇಷ್ಟಪಡುತ್ತಾರೆ. ನಾನು ಸಂತೆಮರಹಳ್ಳಿಯವನು. ಚಾಮರಾಜನಗರಕ್ಕೂ ಯಳಂದೂರಿಗೂ ನಡುವೆ ಇರುವ ನನ್ನೂರಿನ ಸುತ್ತಮುತ್ತಲ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಈ ಎರಡೂ ಒಂದೇ ಪಾಠದ ಎರಡು ಭಾಗಗಳು, ಮತ್ತು ಎರಡೂ ನಮ್ಮ ಸೀಮೆಗೆ ಹೊಸತಲ್ಲ. ಒಬ್ಬ ವ್ಯಕ್ತಿ ಎದುರಿಗೆ ಬಂದ ಮೊದಲ ಕೆಲವು ಕ್ಷಣಗಳಲ್ಲಿ ಅವನು ಯಾರೆಂದು ನೋಡುವವರಿಗೆ ಹೇಗೆ ತಿಳಿಯುತ್ತದೆ ಎಂಬುದೇ ಎರಡರ ಪ್ರಶ್ನೆ. ಆ ಪ್ರಶ್ನೆಗೆ ನಮ್ಮ ಹಿಂದಿನವರು ಕೊಟ್ಟ ಉತ್ತರಗಳಲ್ಲಿ ಕೆಲವನ್ನು ಇಟ್ಟುಕೊಳ್ಳಬೇಕು, ಕೆಲವನ್ನು ಬಿಡಬೇಕು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎನ್ನುವುದೇ ಈ ಬರಹದ ವಿಷಯ.

ನನ್ನೂರಿನ ಹೆಸರಿನಲ್ಲೇ ಸಂತೆ ಇದೆ. ಸಂತೆ ಎಂದರೆ ಗುರುತಿಲ್ಲದವರು ಗುರುತು ಕೇಳಿಕೊಳ್ಳುವ ಜಾಗ. ಅಲ್ಲಿ ಕೇಳುವ ಪ್ರಶ್ನೆಗಳಿಗೂ ಒಂದು ಕ್ರಮವಿದೆ. ಯಾವೂರು? ಯಾರ ಮಗ? ಯಾವ ಬೀದಿ? ಮೂರನೆಯ ಪ್ರಶ್ನೆಗೆ ಉತ್ತರ ಬಂದ ಮೇಲೆ ನಾಲ್ಕನೆಯದನ್ನು ಕೇಳುವ ಅಗತ್ಯ ಬೀಳುವುದಿಲ್ಲ, ಏಕೆಂದರೆ ಬೀದಿಯ ಹೆಸರಲ್ಲೇ ಜಾತಿ ಇರುತ್ತದೆ. 'ನೀನು ಏನು ಮಾಡಬಲ್ಲೆ' ಎಂಬ ಪ್ರಶ್ನೆ ಈ ಸಾಲಿನಲ್ಲಿ ಇಲ್ಲ. ಬಂದರೂ ಕೊನೆಗೆ ಬರುತ್ತದೆ.

ಶಾಸನಗಳಲ್ಲಿ ಇದೇ ಕ್ರಮದ ರಾಜವೈಭವದ ರೂಪ ಕಾಣುತ್ತದೆ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಸೀಮೆಯ ಕಲ್ಲುಗಳ ಪಾಠಗಳಿವೆ. ಇಂಥ ಶಾಸನಗಳು ಸಾಮಾನ್ಯವಾಗಿ 'ಸ್ವಸ್ತಿ' ಎಂದು ಶುರುವಾಗಿ, ಅರಸನ ವಂಶ ಮತ್ತು ಬಿರುದುಗಳನ್ನು ಒಂದರ ಮೇಲೊಂದು ಪೇರಿಸಿ, ಆಮೇಲೆ ಯಾರು ಏನು ಕೊಟ್ಟರು ಎಂಬ ಮಾತಿಗೆ ಬರುತ್ತವೆ. ಕೊನೆಗೆ, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಶಾಪ. ಸ್ವಪರಿಚಯ ಎಂದು ಓದಿದರೆ ಇದರಲ್ಲಿ ಹುಟ್ಟು ಮೊದಲು, ಕೆಲಸ ಆಮೇಲೆ. ನಮ್ಮ ಸಂತೆಯ ಮೂರು ಪ್ರಶ್ನೆಗಳೂ ಇದೇ ಕ್ರಮದವು.

ಈ ಕ್ರಮವನ್ನು ಸ್ವಲ್ಪ ಅಲುಗಿಸಿದ ಒಬ್ಬ ಹೆಣ್ಣುಮಗಳು ನನ್ನೂರಿನ ಪಕ್ಕದ ಯಳಂದೂರಿನವಳು. ಸಂಚಿ ಹೊನ್ನಮ್ಮ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಅವಳು ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದಳು. ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಆ ಕೃತಿ ಹೆಂಡತಿಯ ಧರ್ಮವನ್ನು ಹೇಳುವ ಕೃತಿ. ಇಂದಿನ ಓದಿಗೆ ಅದರ ಅನೇಕ ಮಾತುಗಳು ಒಪ್ಪಿಗೆಯಾಗಲಾರವು. ಆದರೆ ಗಂಡುಮಗು ಹೆಚ್ಚು, ಹೆಣ್ಣುಮಗು ಕಡಿಮೆ ಎನ್ನುವವರನ್ನು ಅವಳು ನೇರವಾಗಿ ಪ್ರಶ್ನಿಸಿದ್ದೂ ಅದೇ ಕೃತಿಯಲ್ಲಿ. ನನಗೆ ಇಲ್ಲಿ ಮುಖ್ಯವಾಗುವುದು ಅವಳ ಹೆಸರು. ಅಕ್ಕಪಕ್ಕದಲ್ಲಿ ಇದ್ದವರು ವಂಶದಿಂದ, ಮಠದಿಂದ, ಅಗ್ರಹಾರದಿಂದ ಗುರುತಿಸಿಕೊಳ್ಳುತ್ತಿದ್ದಾಗ ಕನ್ನಡ ಸಾಹಿತ್ಯ ಚರಿತ್ರೆ ಇವಳನ್ನು ನೆನಪಿಟ್ಟುಕೊಂಡದ್ದು ಕೈಯಲ್ಲಿದ್ದ ಚೀಲದ ಹೆಸರಿನಿಂದ. ಸಂಚಿ ಎಂಬುದು ಅವಳ ಉದ್ಯೋಗ. ವೃತ್ತಿಯಿಂದ ಪರಿಚಯ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಹಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಆ ಕೆಲಸ ಅರಮನೆಯ ಏಣಿಯ ಮೇಲಿನ ಮೆಟ್ಟಿಲಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಅವಳಿಗೆ ಆ ಹೆಸರು ಮರ್ಯಾದೆಯಾಗಿ ಉಳಿದದ್ದು ಅವಳು ಬರೆದದ್ದರಿಂದ.

ಯೂರೋಪಿನಲ್ಲಿ ಇಂಥ ಪರಿಚಯಕ್ಕೆ ಎಲ್ಲರೂ ತೋರಿಸುವ ಉದಾಹರಣೆ ಲಿಯೊನಾರ್ಡೊ ಡಾ ವಿಂಚಿಯದು. ಸುಮಾರು 1482ರಲ್ಲಿ ಅವನು ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಪಡಿಸಿದ. ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆ ಒಡೆಯುವ ಉಪಾಯ ಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಅಂಶ ಅಂಶವಾಗಿ ಹೇಳುತ್ತಾನೆ. ಚಿತ್ರ ಬರೆಯಬಲ್ಲೆ ಎಂಬುದು ಬರುವುದು ತೀರ ಕೊನೆಗೆ. ತಾನು ಯಾರ ಮಗ ಎಂಬುದರಿಂದ ಅವನು ಪತ್ರ ಶುರುಮಾಡುವುದಿಲ್ಲ. ವಿವಾಹಬಾಹಿರ ಸಂಬಂಧದಲ್ಲಿ ಹುಟ್ಟಿದವನಿಗೆ ಆ ದಾರಿಯಿಂದ ಲಾಭವೂ ಇರಲಿಲ್ಲ. ಯುದ್ಧದ ಕಾಲದ ದೊರೆಗೆ ಏನು ಬೇಕೋ ಅದನ್ನು ಮುಂದಿಟ್ಟ. ಇಂದು ಅನಿಮೇಶನ್ ವಿದ್ಯಾರ್ಥಿಗಳು ಮಾಡುವ 'ಶೋರೀಲ್' ಎಂಬ ಒಂದೆರಡು ನಿಮಿಷದ ತುಣುಕಿನ ನಿಯಮವೂ ಇದೇ. ನಿನ್ನ ಅತ್ಯುತ್ತಮ ಕೆಲಸ ಮೊದಲ ಹತ್ತು ಸೆಕೆಂಡಿನಲ್ಲಿ ಇರಲಿ, ನೋಡುವವನು ಯಾವ ಕೆಲಸಕ್ಕೆ ಜನ ಹುಡುಕುತ್ತಿದ್ದಾನೋ ಅದು ಮುಂದಿರಲಿ.

ಇಷ್ಟು ಮಾತಿನ, ಬರಹದ ಪರಿಚಯದ ಕಥೆ. ಆದರೆ ಮಾತು ಶುರುವಾಗುವ ಮೊದಲೇ ಮೈ ಮಾತಾಡಿರುತ್ತದೆ. ಇದನ್ನು ನಮ್ಮ ರಂಗಭೂಮಿ ಚೆನ್ನಾಗಿ ಬಲ್ಲದು. ಮೈಸೂರು, ಮಂಡ್ಯ, ತುಮಕೂರು ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಪಾತ್ರ ನೇರವಾಗಿ ಬಂದು ಮಾತಿಗೆ ತೊಡಗುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ತೆರೆಯ ಹಿಂದೆ ಗೆಜ್ಜೆಯ ಸದ್ದು. ಕಿರೀಟದ ತುದಿ ಕಾಣುತ್ತದೆ. ತೆರೆ ಸರಿದ ಮೇಲೆ ಕುಣಿತ. ಅದಾದ ಮೇಲೆ ಭಾಗವತನೋ ಸಾರಥಿಯೋ, ತಾವು ಯಾರು, ಯಾವ ದೇಶ, ಬಂದ ಕಾರಣವೇನು ಎಂದು ಕೇಳುತ್ತಾನೆ. ಆಗ ಪಾತ್ರ ತನ್ನ ಹೆಸರು ಹೇಳಿಕೊಳ್ಳುತ್ತದೆ. ಅಷ್ಟರಲ್ಲಿ ಮುಂದಿನ ಸಾಲಿನ ಮಗುವಿಗೂ ಬಂದವನು ರಾಕ್ಷಸನೋ ರಾಜನೋ ಗೊತ್ತಾಗಿರುತ್ತದೆ. ಹೆಜ್ಜೆ ಹೇಳಿದ್ದನ್ನೇ ಹೆಸರು ಖಚಿತಪಡಿಸುತ್ತದೆ. ಸಂದರ್ಶನದ ಕೋಣೆಯಲ್ಲಿ 'ನಿಮ್ಮ ಬಗ್ಗೆ ಹೇಳಿ' ಎಂದು ಕೇಳುವವರು ಸಾರಥಿಯ ಕೆಲಸವನ್ನೇ ಮಾಡುತ್ತಿರುತ್ತಾರೆ. ಅವರಿಗೂ ಬಾಗಿಲಿನಿಂದ ಕುರ್ಚಿಯವರೆಗಿನ ನಡಿಗೆಯಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ.

ಈ ತಿಳಿವಳಿಕೆಯ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ಪಾತ್ರಗಳ ನಡಿಗೆಗೆ, ಅಂದರೆ ಗತಿಗೆ, ಒಂದು ಅಧ್ಯಾಯವೇ ಇದೆ. ಉತ್ತಮ ಪಾತ್ರದ ಒಂದು ಹೆಜ್ಜೆಗೆ ನಾಲ್ಕು ಕಲೆ, ಮಧ್ಯಮ ಪಾತ್ರಕ್ಕೆ ಎರಡು, ಅಧಮ ಪಾತ್ರಕ್ಕೆ ಒಂದು ಎಂದು ಅಲ್ಲಿ ಅಳತೆ ಕೊಟ್ಟಿದೆ. ಕಲೆ ಎಂದರೆ ಕಾಲದ ಒಂದು ಅಳತೆ. ಹೆಜ್ಜೆಯ ದೂರಕ್ಕೂ ಇದೇ ಲೆಕ್ಕ: ನಾಲ್ಕು, ಎರಡು, ಒಂದು. ಅನಿಮೇಶನ್ ಓದುವವನ ಕಣ್ಣಿಗೆ ಇದು ಮೊದಲು ಬೆರಗು ಹುಟ್ಟಿಸುತ್ತದೆ. ಒಂದು ಹೆಜ್ಜೆಗೆ ಎಷ್ಟು ಫ್ರೇಮ್ ಎಂದು ನಾವು ಹಾಕುವ ಲೆಕ್ಕವೇ ಇದು. ಎರಡನೆಯ ಸಲ ಓದಿದಾಗ ಬೆರಗಿನ ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಈಗ ತರಗತಿಯ ಪಾಠಕ್ಕೆ ಬರೋಣ. ಅನಿಮೇಶನ್ನಿನ ಹನ್ನೆರಡು ತತ್ವಗಳು ಎಂದು ಜಗತ್ತಿನಾದ್ಯಂತ ಕಲಿಸುವುದು, ಡಿಸ್ನಿ ಸ್ಟುಡಿಯೋದ ಕಲಾವಿದರು 1930ರ ದಶಕದಿಂದ ಮಾಡುತ್ತ ಮಾಡುತ್ತ ಕಂಡುಕೊಂಡ ಉಪಾಯಗಳನ್ನು. ಅಲ್ಲಿ ದುಡಿದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ 'ದಿ ಇಲ್ಯೂಷನ್ ಆಫ್ ಲೈಫ್' ಎಂಬ ಪುಸ್ತಕದಲ್ಲಿ ಅವನ್ನು ಬರೆದಿಟ್ಟರು. ಭಾರತಕ್ಕೆ ಈ ವಿದ್ಯೆ ಅದಕ್ಕೂ ಮೊದಲೇ ಬಂದಿತ್ತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈನ ಫಿಲ್ಮ್ಸ್ ಡಿವಿಷನ್‌ಗೆ ಬಂದು ತರಬೇತಿ ಕೊಟ್ಟರು. 1957ರಲ್ಲಿ ಅಲ್ಲಿಂದ ಜಾತಕ ಕಥೆಯನ್ನು ಆಧರಿಸಿದ 'ದಿ ಬನಿಯನ್ ಡೀರ್' ಹೊರಬಂತು.

ಹನ್ನೆರಡನ್ನೂ ಇಲ್ಲಿ ವಿವರಿಸುವ ಅಗತ್ಯವಿಲ್ಲ. ನಮ್ಮ ಸೀಮೆಯ ಕಣ್ಣಿಗೆ ತಟ್ಟನೆ ಹೊಳೆಯುವ ಮೂರನ್ನು ಹೇಳುತ್ತೇನೆ.

ಮೊದಲನೆಯದು ಮುನ್ಸೂಚನೆ. ಜಿಗಿಯುವವನು ಮೊದಲು ಕುಗ್ಗುತ್ತಾನೆ, ಹೊಡೆಯುವವನು ಮೊದಲು ಕೈಯನ್ನು ಹಿಂದಕ್ಕೆ ಎಳೆಯುತ್ತಾನೆ. ಈ ಸಿದ್ಧತೆ ಕಂಡರೆ ಮಾತ್ರ ಮುಂದಿನ ಕ್ರಿಯೆ ನೋಡುವವನಿಗೆ ನಾಟುತ್ತದೆ. ತೆರೆಯ ಹಿಂದಿನ ಗೆಜ್ಜೆಯ ಸದ್ದು ಮಾಡುವ ಕೆಲಸ ಇದೇ.

ಎರಡನೆಯದು ಚಲನೆಯ ಮುಂದುವರಿಕೆ. ದೇಹ ನಿಂತರೂ ಅದಕ್ಕೆ ಅಂಟಿಕೊಂಡ ಬಟ್ಟೆ, ಕೂದಲು, ಬಾಲ ತಕ್ಷಣ ನಿಲ್ಲುವುದಿಲ್ಲ. ಮಲೆ ಮಹದೇಶ್ವರನ ಗುಡ್ಡರು ಬೀಸು ಕಂಸಾಳೆ ಆಡುವುದನ್ನು ನೋಡಿದವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಿಲ್ಲ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಅದರಲ್ಲಿ ತೂಗುವ ಗೊಂಡೆ. ಕೈ ಬೀಸಿ ನಿಂತ ಮೇಲೂ ತಾಳ ತನ್ನ ಕಮಾನನ್ನು ಪೂರೈಸುತ್ತದೆ, ಗೊಂಡೆ ಅದರ ಹಿಂದೆ ತಡವಾಗಿ ಬರುತ್ತದೆ. ಕಮಾನು, ಮುಂದುವರಿಕೆ, ತೂಕ ಮೂರೂ ಒಂದೇ ಬೀಸಿನಲ್ಲಿವೆ.

ಮೂರನೆಯದು ಭಂಗಿಯಿಂದ ಭಂಗಿಗೆ ಹೋಗುವುದು. ಮುಖ್ಯ ಭಂಗಿಗಳನ್ನು ಮೊದಲು ಬರೆದು, ನಡುವಿನದನ್ನು ಆಮೇಲೆ ತುಂಬುವ ಕ್ರಮ. ಹಳ್ಳಿಯ ಹೊರಗೆ ನಿಂತ ವೀರಗಲ್ಲನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಮೂರು ಮುಖ್ಯ ಭಂಗಿಗಳು. ನಡುವಿನ ಚಲನೆಯನ್ನು ನೋಡುವವನ ಮನಸ್ಸು ತುಂಬಿಕೊಳ್ಳುತ್ತದೆ.

ಸಿನಿಮಾದ ಅನಿಮೇಶನ್ನಿಗೂ ಗೇಮಿನ ಅನಿಮೇಶನ್ನಿಗೂ ಒಂದು ದೊಡ್ಡ ಅಂತರವಿದೆ. ಸಿನಿಮಾದಲ್ಲಿ ಪಾತ್ರ ಯಾವಾಗ ಜಿಗಿಯಬೇಕು ಎಂದು ನಿರ್ದೇಶಕ ತೀರ್ಮಾನಿಸುತ್ತಾನೆ. ಗೇಮಿನಲ್ಲಿ ಅದನ್ನು ತೀರ್ಮಾನಿಸುವುದು ಆಡುವವನ ಹೆಬ್ಬೆರಳು. ಗುಂಡಿ ಒತ್ತಿದ ಮೇಲೆ ಪಾತ್ರ ಅರ್ಧ ಸೆಕೆಂಡು ಕುಗ್ಗಿ ಆಮೇಲೆ ಜಿಗಿದರೆ ಚಿತ್ರವಾಗಿ ಸೊಗಸು, ಆಟವಾಗಿ ಕಿರಿಕಿರಿ. ಆದ್ದರಿಂದ ಗೇಮ್ ಅನಿಮೇಟರ್ ಮುನ್ಸೂಚನೆಯನ್ನು ಕತ್ತರಿಸಿ ಕೆಲವೇ ಫ್ರೇಮಿಗೆ ಇಳಿಸುತ್ತಾನೆ, ಕಳೆದುಹೋದ ತೂಕವನ್ನು ಜಿಗಿತದ ಕೊನೆಯಲ್ಲಿ, ನೆಲ ಮುಟ್ಟಿದಾಗಿನ ಕುಗ್ಗಿನಲ್ಲಿ ತುಂಬಿಕೊಡುತ್ತಾನೆ. ಜೊನಾಥನ್ ಕೂಪರ್ 2019ರ ತಮ್ಮ 'ಗೇಮ್ ಅನಿಮ್' ಪುಸ್ತಕದಲ್ಲಿ ಗೇಮ್ ಅನಿಮೇಶನ್ನಿಗೆ ಐದು ಆಧಾರಗಳನ್ನು ಹೇಳುತ್ತಾರೆ. ಕೈಗೆ ಸಿಗುವ ಅನುಭವ, ಹರಿವು, ಓದಿಸಿಕೊಳ್ಳುವ ಗುಣ, ಸಂದರ್ಭ, ಸೊಗಸು. ಅನುಭವ ಮೊದಲು, ಸೊಗಸು ಕೊನೆಗೆ.

ಈ ಜಗ್ಗಾಟದ ಪ್ರಸಿದ್ಧ ಉದಾಹರಣೆ ಜೋರ್ಡನ್ ಮೆಕ್ನರ್ ಅವರದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಅವರು 1984ರಲ್ಲಿ 'ಕರಾಟೆಕಾ' ಗೇಮನ್ನು ತಂದರು. ಮುಂದೆ ತಮ್ಮನನ್ನು ಓಡಿಸಿ, ಜಿಗಿಸಿ, ಅದನ್ನು ವಿಡಿಯೋ ಮಾಡಿ, ಫ್ರೇಮ್ ಫ್ರೇಮಾಗಿ ಅನುಸರಿಸಿ 1989ರಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ಮಾಡಿದರು. ಅದರ ರಾಜಕುಮಾರ ಓಡುತ್ತಿದ್ದವನು ಥಟ್ಟನೆ ನಿಲ್ಲುವುದಿಲ್ಲ, ಜಾರಿ ನಿಲ್ಲುತ್ತಾನೆ. ಅಂಚಿನಲ್ಲಿ ಆಡುವವನ ಎದೆ ಬಡಿದುಕೊಳ್ಳುವುದು ಅದರಿಂದಲೇ. ಅವನು ಯಾರು ಎಂದು ಯಾರೂ ಮಾತಿನಲ್ಲಿ ಹೇಳಬೇಕಿರಲಿಲ್ಲ. ಮೈಗೆ ತೂಕವಿರುವ, ಬಿದ್ದರೆ ಸಾಯುವ ಮನುಷ್ಯ ಎಂದು ಮೊದಲ ಓಟವೇ ಹೇಳುತ್ತಿತ್ತು.

ಒಂದು ಫ್ರೇಮ್ ಹೆಚ್ಚು ಕಡಿಮೆಯಾದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಸೆಕೆಂಡಿಗೆ 60 ಫ್ರೇಮಿನ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 17 ಮಿಲಿಸೆಕೆಂಡು. ಹೊಡೆತ ತಾಗಿತೋ ತಪ್ಪಿತೋ ಎಂಬುದು ಕೆಲವು ಆಟಗಳಲ್ಲಿ ಅಷ್ಟರಲ್ಲೇ ತೀರ್ಮಾನವಾಗುತ್ತದೆ. ನನ್ನೂರಿನವರಿಗೆ ಒಂದರ ಬೆಲೆಯನ್ನು ವಿವರಿಸಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಿದ್ದವು.

ಈಗ ಆ ಎರಡನೆಯ ಓದಿನ ಪ್ರಶ್ನೆಗೆ ಬರುತ್ತೇನೆ. ನಾಟ್ಯಶಾಸ್ತ್ರದ ನಾಲ್ಕು, ಎರಡು, ಒಂದು ಎಂಬ ಲೆಕ್ಕ ಮೈಯ ತೂಕದ ಲೆಕ್ಕವಲ್ಲ, ಅಂತಸ್ತಿನ ಲೆಕ್ಕ. ರಾಜನಿಗೆ ನಿಧಾನ, ಆಳಿಗೆ ಅವಸರ. ಕರ್ನಾಟಕದ ತೊಗಲುಗೊಂಬೆಗಳಲ್ಲೂ ಇದೇ ಮಾತು ಚರ್ಮದ ಮೇಲೆ ಕಾಣುತ್ತದೆ. ಅರಸರ, ದೇವರ ಗೊಂಬೆಗಳು ದೊಡ್ಡವು. ಸಾಮಾನ್ಯರ, ಸೇವಕರ ಗೊಂಬೆಗಳು ಚಿಕ್ಕವು. ದೀಪದ ಮುಂದೆ ಚರ್ಮದ ತುಂಡಿಗೆ ಜೀವ ಬರಿಸುವ ಆ ಕಲೆಯನ್ನು ಇಂದಿನ ಅನಿಮೇಶನ್ನಿನ ಅಜ್ಜಿ ಎಂದರೆ ತಪ್ಪಾಗದು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನನಗಾದ ಖುಷಿ ಸಣ್ಣದಲ್ಲ. ಆದರೂ ಆ ಗೊಂಬೆಗಳ ಅಳತೆಯಲ್ಲಿ ಸಮಾಜದ ಅಳತೆಯೂ ಕತ್ತರಿಸಿಕೊಂಡು ಬಂದಿದೆ ಎಂಬುದು ನಿಜ.

ಗೇಮುಗಳು ಇದರಿಂದ ಪಾರಾಗಿವೆ ಎಂದುಕೊಳ್ಳಬೇಡಿ. ನಾಯಕನ ಪಾತ್ರಕ್ಕೆ ನೂರಾರು ಚಲನೆಗಳು. ನಿಂತ ನಿಲುವಿಗೇ ನಾಲ್ಕಾರು ಬಗೆ. ಸಂತೆಯಲ್ಲಿ ಕೂತ ತರಕಾರಿಯವಳಿಗೆ ಒಂದೋ ಎರಡೋ ಚಲನೆ, ಅದನ್ನೇ ಸುತ್ತಿಸುತ್ತಾರೆ. ಮೆಮೊರಿಗೆ ಮಿತಿಯಿದೆ, ದುಡ್ಡಿಗೆ ಮಿತಿಯಿದೆ ಎಂಬ ಕಾರಣಗಳು ನಿಜವೇ. ಆದರೆ ಯಾರಿಗೆ ಎಷ್ಟು ಫ್ರೇಮ್ ಎಂಬ ಹಂಚಿಕೆಯನ್ನು ಯಾರೋ ಒಬ್ಬರು ಕೂತು ಮಾಡಿರುತ್ತಾರೆ. ನಾಲ್ಕು, ಎರಡು, ಒಂದು ಇನ್ನೂ ನಡೆಯುತ್ತಿದೆ.

ಈ ಅಳತೆಯನ್ನು ಪ್ರಶ್ನಿಸಿದ ಕಥೆಯೂ ನಮ್ಮ ಸೀಮೆಯಲ್ಲೇ ಇದೆ. ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ತಂಬೂರಿ ಹಿಡಿದ ನೀಲಗಾರರು ಗೊತ್ತು. ಅವರು ಹಾಡುವ ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುವುದು ನೋಡಿದವರು ಹೇಸುವ ರೂಪದಲ್ಲಿ. ಬಾಗಿಲಲ್ಲಿ ಇದ್ದವರು ಒಳಗೆ ಬಿಡುವುದಿಲ್ಲ. ಶರಣರ ಊರಿನಲ್ಲೇ ರೂಪ ನೋಡಿ ತಡೆಯುತ್ತಾರೆ ಎಂಬುದೇ ಆ ಪರೀಕ್ಷೆಯ ಮೊನೆ. ಮೊದಲ ನೋಟದಲ್ಲಿ ಎಲ್ಲವೂ ತಿಳಿದುಬಿಡುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಎದುರು ಮಾತು ಬೇಕೆ? ಸ್ವಪರಿಚಯ ಕಲಿಸುವ ಪುಸ್ತಕಗಳು ಬಾಗಿಲಿಗೆ ಬಂದವನಿಗೆ ಪಾಠ ಹೇಳುತ್ತವೆ. ಮಂಟೇಸ್ವಾಮಿಯ ಕಥೆ ಬಾಗಿಲು ಕಾಯುವವನಿಗೆ ಪಾಠ ಹೇಳುತ್ತದೆ.

ಬಾಗಿಲ ಮಾತು ನನ್ನಂಥವರಿಗೆ ಉಪಮೆಯಲ್ಲ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆಯಾಯಿತು. ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಕಟ್ಟಿದರು. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಅದೊಂದು. ಹೊರದೇಶದ ಗೇಮುಗಳಿಗೆ ಚಿತ್ರಕೆಲಸ ಮಾಡುತ್ತ ಬೆಳೆದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಅನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿ ತಂದಿತು, 2024ರಲ್ಲಿ ಅದರ ಹೊಸ ರೂಪ ಬಂತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ತಂದ 'ರಾಜಿ' ಎಂಬ ಗೇಮಿನಲ್ಲಿ ಕಥೆಯ ಭಾಗಗಳನ್ನು ನೆರಳುಗೊಂಬೆಯ ರೀತಿಯಲ್ಲೇ ತೋರಿಸಿದ್ದಾರೆ. ಜಿಲ್ಲೆಗೂ ಈ ಉದ್ಯಮಕ್ಕೂ ಒಂದೇ ವಯಸ್ಸು. ಎರಡರ ನಡುವಿನ ದಾರಿ ಬಸ್ಸಿನಲ್ಲಿ ಅರ್ಧ ದಿನದ್ದು. ಆದರೆ ಕನ್ನಡ ಮಾಧ್ಯಮದಿಂದ ಹೋದ ಹುಡುಗ ಹುಡುಗಿಯರು ಕೆಲಸ ಗೊತ್ತಿದ್ದೂ ಮೊದಲ ಎರಡು ನಿಮಿಷದ ಇಂಗ್ಲಿಷ್ ಮಾತಿನಲ್ಲಿ ತಡವರಿಸಿ ಹಿಂದಿರುಗುವುದನ್ನು ಕಂಡಿದ್ದೇನೆ. ಹಳೆಯ ಬೀದಿಯ ಪ್ರಶ್ನೆಯ ಜಾಗದಲ್ಲಿ ಈಗ ಉಚ್ಚಾರಣೆ ಕೂತಿದೆ.

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು? ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ರಂಗದಿಂದ ಕ್ರಮವನ್ನು ತೆಗೆದುಕೊಳ್ಳಿ, ಅಂತಸ್ತನ್ನು ಬಿಡಿ. ಒಳಗೆ ಬಂದು, ಒಂದು ಉಸಿರು ನಿಂತು, ಆಮೇಲೆ ಮಾತಾಡಿ. ಅದು ನಿಮ್ಮ ಮುನ್ಸೂಚನೆ. ಹೊನ್ನಮ್ಮನಿಂದ ಕೈಯಲ್ಲಿರುವ ಕೆಲಸವನ್ನು ಹೆಸರಿನ ಪಕ್ಕ ಇಡುವುದನ್ನು ಕಲಿಯಿರಿ. ಲಿಯೊನಾರ್ಡೊನಿಂದ ಕೇಳುವವನಿಗೆ ಬೇಕಾದದ್ದನ್ನು ಮುಂದಿಡುವುದನ್ನು. ಹೇಳಬೇಕಾದದ್ದು ನಾಲ್ಕೇ ವಾಕ್ಯ: ಹೆಸರು ಮತ್ತು ಊರು, ಮಾಡಬಲ್ಲ ಕೆಲಸ, ಅದಕ್ಕೆ ಸಾಕ್ಷಿಯಾಗಿ ಮಾಡಿದ ಒಂದು ಕೆಲಸ, ಮುಂದೆ ಕಲಿಯಬೇಕೆಂದಿರುವುದು. ಊರನ್ನು ಬಿಡಬೇಡಿ. ಸಂತೆಮರಹಳ್ಳಿ ಎಂಬುದನ್ನು ನಾನು ಪೂರ್ತಿಯಾಗಿ, ಅವಸರವಿಲ್ಲದೆ ಹೇಳುತ್ತೇನೆ. ಕೇಳುವವರಿಗೆ ಹೊಸದಾದ ಹೆಸರನ್ನು ನುಂಗಿಕೊಂಡು ಹೇಳಿದರೆ ಅದು ನಾಚಿಕೆಯಂತೆ ಕೇಳುತ್ತದೆ, ನಿಧಾನವಾಗಿ ಹೇಳಿದರೆ ವಿಳಾಸದಂತೆ ಕೇಳುತ್ತದೆ.

ಅನಿಮೇಶನ್ ಪಾಠಕ್ಕೂ ಇದೇ ಸಲಹೆ. ಅಂತಸ್ತನ್ನು ಕಿತ್ತುಹಾಕಿ ತೂಕವನ್ನು ನೋಡಿ. ಈಗ ನಾನು ಮಾಡುತ್ತಿರುವ ಅಭ್ಯಾಸ, ತಲೆಯ ಮೇಲೆ ಮೂಟೆ ಹೊತ್ತ ಹೆಂಗಸಿನ ನಡಿಗೆ. ಶಾಸ್ತ್ರದ ಪ್ರಕಾರ ಅವಳಿಗೆ ಸಿಗುತ್ತಿದ್ದದ್ದು ಒಂದು ಕಲೆಯ ಹೆಜ್ಜೆ. ಸಂತೆಯಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆ. ಮೂಟೆಯ ಭಾರಕ್ಕೆ ಕತ್ತು ಅಲುಗುವುದಿಲ್ಲ, ಸೊಂಟದಿಂದ ಕೆಳಗೆ ಮಾತ್ರ ಚಲನೆ, ಪ್ರತಿ ಹೆಜ್ಜೆಯಲ್ಲೂ ಪಾದ ನೆಲವನ್ನು ಪರೀಕ್ಷಿಸಿಯೇ ಊರುತ್ತದೆ, ಒಂದು ಕೈ ಮೂಟೆಗೆ, ಇನ್ನೊಂದು ಕೈ ಸಮತೋಲಕ್ಕೆ. ಅವಳು ನಡೆಯುವುದು ನಿಧಾನವಾಗಿ, ನಮ್ಮ ರಂಗದ ಯಾವ ರಾಜನಿಗೂ ಕಡಿಮೆಯಿಲ್ಲದ ನಿಧಾನದಲ್ಲಿ. ಅವಳ ಒಂದು ಸುತ್ತಿನ ನಡಿಗೆಗೆ ನಾನು 24 ಫ್ರೇಮ್ ಇಟ್ಟು ಶುರುಮಾಡಿದ್ದೆ. ಈಗ 40ಕ್ಕೆ ಬಂದಿದೆ. ಇನ್ನೂ ಎರಡು ಬೇಕು ಅನ್ನಿಸುತ್ತಿದೆ.